ಮೂರನೇ ಫೀಡರ್

ಅವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಇಪ್ಪತ್ತೆರಡು ವರ್ಷದಿಂದ ಆಪರೇಟರ್. ಅಲ್ಲಿಂದ ಏಳು ಫೀಡರ್‌ಗಳು, ಅಂದರೆ ಏಳು ದೊಡ್ಡ ಲೈನುಗಳು ಏಳು ದಿಕ್ಕಿಗೆ ಹೊರಡುತ್ತಿದ್ದವು. ಅವಕ್ಕೆ ಕರೆಂಟು ಹಾಕುವುದು, ತೆಗೆಯುವುದು, ಗಂಟೆಗೊಮ್ಮೆ ಮೀಟರ್ ನೋಡಿ ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಅದಕ್ಕಿಂತ ಹೆಚ್ಚಾಗಿ ಅವನು ಮಾಡುತ್ತಿದ್ದದ್ದು ಮಾತು. ಯಾರಾದರೂ ಫೋನ್ ಮಾಡಿ ಕರೆಂಟ್ ಯಾವಾಗ ಬರುತ್ತದೆ ಎಂದು ಕೇಳಿದರೆ, "ಹೊರಟಿದೆ ತಾಯಿ, ದಾರೀಲಿ ಯಾರೋ ಪರಿಚಯದವರು ಸಿಕ್ಕಿರಬೇಕು, ಈಗ ಬಂತು ನೋಡಿ" ಎನ್ನುತ್ತಿದ್ದ. ಬೈಯಲೆಂದು ಫೋನ್ ಮಾಡಿದವರೂ ನಕ್ಕು ಇಡುತ್ತಿದ್ದರು. ಮನೆಯಲ್ಲಿ ಹೆಂಡತಿ, "ಊರಿಗೆಲ್ಲ ಸ್ವಿಚ್ ಹಾಕ್ತೀರ, ನಿಮ್ಮ ಬಾಯಿಗೊಂದು ಇಟ್ಕೋಬಾರದಿತ್ತಾ" ಎನ್ನುತ್ತಿದ್ದಳು.

ಐವತ್ತೊಂದನೇ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ, ಅವನು ಬಚ್ಚಲಿನಿಂದ "ಮೆಟ್ಟಿಲು ಕೊಡೇ" ಎಂದು ಕೂಗಿದ.

ಹೆಂಡತಿ ಇದೂ ಒಂದು ತಮಾಷೆ ಅಂದುಕೊಂಡಳು. "ಮೇಲಿಂದು ಕೊಡ್ಲಾ, ಕೆಳಗಿಂದಾ?" ಎಂದಳು. ಅವನು ಇನ್ನೂ ಜೋರಾಗಿ ಮೆಟ್ಟಿಲು, ಮೆಟ್ಟಿಲು ಎಂದ. ಅವಳು ಬಂದು ನೋಡಿದರೆ ಬಾಗಿಲ ಸಂದಿಯಿಂದ ಒದ್ದೆ ಕೈ ಚಾಚಿ, ಹಗ್ಗದ ಮೇಲಿದ್ದ ಟವೆಲ್ ತೋರಿಸುತ್ತಿದ್ದ. ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ.

ಮಿದುಳಿನ ಎಡಭಾಗದಲ್ಲಿ ಚಿಕ್ಕದೊಂದು ರಕ್ತನಾಳ ಕಟ್ಟಿಕೊಂಡಿದೆ ಎಂದರು ಡಾಕ್ಟರು. ಕೈಕಾಲಿಗೆ ಏನೂ ಆಗಿರಲಿಲ್ಲ. "ಬುದ್ಧಿ ಸರಿಯಾಗೇ ಇದೆಯಮ್ಮ. ಏನು ಹೇಳಬೇಕು ಅನ್ನೋದು ಅವರಿಗೆ ಗೊತ್ತಿರುತ್ತೆ. ಅದು ಬಾಯಿಗೆ ಬರೋ ದಾರಿ ಕೆಟ್ಟಿದೆ. ರಿಪೇರಿ ಆಗುತ್ತೆ, ಆದರೆ ವರ್ಷ ಹಿಡಿದರೂ ಹಿಡೀಬಹುದು. ದಿನಾ ಅಭ್ಯಾಸ ಮಾಡ್ಸಿ."

ಬರೆಯಲು ಹೋದರೂ ಅದೇ ಪಾಡು. ಕನ್ನಡಕ ಎಂದು ಬರೆಯಲು ಹೊರಟ ಪೆನ್ನು ಕದ ಎಂದು ಬರೆದು ನಿಲ್ಲುತ್ತಿತ್ತು. ಅಂಕಿಗಳು ಮಾತ್ರ ತಪ್ಪುತ್ತಿರಲಿಲ್ಲ. ಬೈಗುಳಗಳೂ ಒಂದಕ್ಷರ ಹೆಚ್ಚುಕಡಿಮೆಯಾಗದೆ ಬರುತ್ತಿದ್ದವು. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಲೋಟದ ಚಿತ್ರ ತೋರಿಸಿ ಇದೇನು ಎಂದು ಕೇಳಿದಾಗ, ಹತ್ತು ಸಲ ಪ್ರಯತ್ನಪಟ್ಟು ಸೋತ ಅವನ ಬಾಯಿಂದ ಒಂದು ದೊಡ್ಡ ಬೈಗುಳ ಸ್ಪಷ್ಟವಾಗಿ ಹೊರಬಿತ್ತು. ಹುಡುಗಿ ನಕ್ಕಳು, ಹೆಂಡತಿಯೂ ನಕ್ಕಳು. ಅವನು ಗೋಡೆಯ ಕಡೆ ತಿರುಗಿ ಕೂತ.

ಒಂದು ತಿಂಗಳಿಗೆ ಅವನು ಕೆಲಸಕ್ಕೆ ಹೊರಟು ನಿಂತ. ಆಫೀಸಿಗೆ ಜ್ವರ ಎಂದಷ್ಟೇ ತಿಳಿಸಿದ್ದರು. ಹೆಂಡತಿ ಬೇಡವೆಂದು ಅತ್ತಳು, ಕೊನೆಗೆ ಬ್ಯಾಗು ಬಚ್ಚಿಟ್ಟಳು. ನಿಜ ಹೇಳಿದರೆ ಕಂಟ್ರೋಲ್ ರೂಮಿನಿಂದ ಎತ್ತಿ ಸ್ಟೋರಿಗೆ ಹಾಕುತ್ತಾರೆ, ಅಲ್ಲಿ ತಂತಿಯ ಸುರುಳಿ ಎಣಿಸುತ್ತ ಕೂರಬೇಕು ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ರೇಡಿಯೋ ಕೆಟ್ಟುಹೋಯಿತಂತೆ ಎಂದು ಜನ ಆಡಿಕೊಳ್ಳುವುದನ್ನು ಅವನಿಂದ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಕೆಲಸ ಅವನ ಕೈಗೆ ನೆನಪಿತ್ತು. ಏಳು ಪ್ಯಾನೆಲ್ಲುಗಳು, ಏಳು ಹಿಡಿಗಳು, ಕೆಂಪು ದೀಪ, ಹಸಿರು ದೀಪ. ಫೋನಿಗೆ ಮಾತ್ರ ಅವನು ಹೆದರುತ್ತಿದ್ದ. ಅದಕ್ಕೊಂದು ಉಪಾಯ ಕಂಡುಕೊಂಡ. "ಆಯ್ತು", "ಸರಿ ಸಾರ್" ಇವೆರಡು ಮಾತು ಯಾವಾಗ ಬೇಕೆಂದರೂ ಬಾಯಿಗೆ ಬರುತ್ತಿದ್ದವು. ಯಾರು ಏನೇ ಹೇಳಲಿ, ಅವನ್ನು ಹೇಳಿ ಫೋನ್ ಇಟ್ಟುಬಿಡುತ್ತಿದ್ದ. ಜ್ವರ ಬಂದಮೇಲೆ ಮನುಷ್ಯ ಮೆತ್ತಗಾಗಿದ್ದಾನೆ ಎಂದುಕೊಂಡರು ಕೆಲವರು. ಬ್ಯಾಟರಿ ವೀಕಾಗಿದೆ ಎಂದರು ಇನ್ನು ಕೆಲವರು.

ಒಬ್ಬನಿಗೆ ಮಾತ್ರ ಎರಡೇ ದಿನಕ್ಕೆ ತಿಳಿಯಿತು. ಅವನು ಲೈನ್‌ಮನ್, ಉದ್ದ ಕಾಲಿನ, ತೆಳ್ಳಗಿನ ಆಳು. ಕಂಬದ ಮೇಲೆ ಒಂಟಿ ಕಾಲೂರಿ ನಿಲ್ಲುವ ರೀತಿಗೆ ಅವನಿಗೆ ಕೊಕ್ಕರೆ ಎಂಬ ಹೆಸರು ಬಿದ್ದಿತ್ತು. ಕೊಕ್ಕರೆ ಕಂಬ ಹತ್ತುವ ಮೊದಲು ಆಪರೇಟರಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಆಪರೇಟರ್ ಕರೆಂಟು ತೆಗೆದು, ಹಿಡಿಗೆ "ಕೆಲಸ ನಡೆಯುತ್ತಿದೆ" ಎಂಬ ಬೋರ್ಡು ತೂಗುಹಾಕಿ, ಒಂದು ನಂಬರ್ ಕೊಡುತ್ತಾನೆ. ಕೆಲಸ ಮುಗಿದು ಇಳಿದಮೇಲೆ ಅದೇ ಲೈನ್‌ಮನ್ ಅದೇ ನಂಬರ್ ಹೇಳಿ ವಾಪಸ್ ಕೊಟ್ಟರೆ ಮಾತ್ರ ಮತ್ತೆ ಕರೆಂಟು. ಬೇರೆ ಯಾರು ಹೇಳಿದರೂ ಹಾಕುವಂತಿಲ್ಲ.

ಎರಡನೇ ದಿನ ಫೋನಿನಲ್ಲಿ ಆಪರೇಟರ್ ನಂಬರನ್ನು ಸರಿಯಾಗಿ ಹೇಳಿದ. ಆದರೆ "ಆಫ್ ಆಗಿದೆ" ಎನ್ನಲು ಹೋಗಿ "ಆಕಾಶ ಆಗಿದೆ" ಎಂದ. ಕೊಕ್ಕರೆ ಸಂಜೆ ನೇರವಾಗಿ ಕಂಟ್ರೋಲ್ ರೂಮಿಗೆ ಬಂದು ಎದುರಿಗೆ ಕೂತ.

"ಅಣ್ಣ, ಏನಾಗಿದೆ ನಿನಗೆ?"

ಆಪರೇಟರ್ ಬಾಯಿ ತೆರೆದ, ಮುಚ್ಚಿದ. ಕಣ್ಣು ತುಂಬಿ ಬಂತು.

"ಆಯ್ತು, ಬಿಡು. ಇಷ್ಟು ವರ್ಷ ನೀನು ಮಾತಾಡ್ದೆ, ನಾವು ಕೇಳಿದ್ವಿ. ಇನ್ನು ನಾನು ಮಾತಾಡ್ತೀನಿ. ನಾನು ಕೇಳಿದ್ದಕ್ಕೆ ಹೌದು ಅಂದ್ರೆ ಫೋನನ್ನ ಬೆರಳಲ್ಲಿ ಒಂದು ಸಲ ತಟ್ಟು. ಅಲ್ಲ ಅಂದ್ರೆ ಎರಡು ಸಲ. ಯಾರಿಗೂ ಹೇಳಲ್ಲ, ನನ್ನಾಣೆ."

ನಾಲ್ಕು ತಿಂಗಳು ಹಾಗೇ ನಡೆಯಿತು. ಕೊಕ್ಕರೆ ಎರಡೆರಡು ಸಲ ಕೇಳುತ್ತಿದ್ದ, ಆಪರೇಟರ್ ತಟ್ಟುತ್ತಿದ್ದ. ಒಂದು ದಿನವೂ ತಪ್ಪಲಿಲ್ಲ. ಬೇರೆ ಲೈನ್‌ಮನ್‌ಗಳ ಫೋನನ್ನೂ ಕೊಕ್ಕರೆಯೇ ಏನಾದರೊಂದು ನೆಪ ಹೇಳಿ ತಾನೇ ಮಾಡುತ್ತಿದ್ದ.

ಆ ಮಂಗಳವಾರ ಮೂರನೇ ಫೀಡರ್‌ನಲ್ಲಿ ಒಂದು ಕಂಬದಲ್ಲಿ ತಂತಿ ಹಿಡಿದಿಡುವ ಪಿಂಗಾಣಿ ಒಡೆದಿತ್ತು. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕೊಕ್ಕರೆ ಲೈನ್ ಕ್ಲಿಯರ್ ತೆಗೆದುಕೊಂಡ. ಆಪರೇಟರ್ ಕರೆಂಟು ತೆಗೆದು ಬೋರ್ಡು ತೂಗುಹಾಕಿದ. ಅದೇ ಫೀಡರ್‌ನಲ್ಲಿ ಊರಿಗೆ ನೀರೆತ್ತುವ ಪಂಪ್‌ಹೌಸ್ ಇತ್ತು. ಹನ್ನೆರಡೂಕಾಲಿಗೆ ಇಂಜಿನಿಯರ್ ಫೋನ್ ಮಾಡಿದರು.

"ಮೂರನೇ ಫೀಡರ್ ಹಾಕಿಬಿಡಿ. ಪಂಪ್‌ಹೌಸ್ ನಿಂತು ಒಂದು ಗಂಟೆ ಆಯ್ತು, ಮೇಲಿನೋರು ನನ್ನ ತಲೆ ತಿಂತಿದಾರೆ."

ಆಪರೇಟರ್‌ಗೆ ಹೇಳಬೇಕಾದ್ದು ಸ್ಪಷ್ಟವಾಗಿಯೇ ಇತ್ತು. ಕೊಕ್ಕರೆ ಇನ್ನೂ ವಾಪಸ್ ಕೊಟ್ಟಿಲ್ಲ, ಮೇಲೆ ಇದ್ದಾನೆ. ಅಷ್ಟೇ. ಆದರೆ ನಾಲಿಗೆಗೆ ಬಂದದ್ದು, "ಅದು... ಕೊಡೆ... ಕೊಡೆ ಮೇಲೆ..."

"ಯಾವ ಕೊಡೆ ರೀ? ಹುಡುಗರನ್ನ ಕೇಳಿದೀನಿ, ಕೆಲಸ ಮುಗೀತಾ ಬಂತು ಅಂದ್ರು. ಹಾಕಿ."

ಫೋನ್ ಕಟ್ಟಾಯಿತು. ಆಪರೇಟರ್ ಕೊಕ್ಕರೆಯ ನಂಬರಿಗೆ ಫೋನ್ ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೊಮ್ಮೆ ಮಾಡಿದ. ಕಂಬದ ಮೇಲಿರುವಾಗ ಕೊಕ್ಕರೆಯ ಮೊಬೈಲು ಕೆಳಗೆ ಸೈಕಲ್ಲಿಗೆ ಸಿಕ್ಕಿಸಿದ ಚೀಲದಲ್ಲಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಇಂಜಿನಿಯರ್ ಮತ್ತೆ ಫೋನ್ ಮಾಡಿದರು.

"ಹಾಕಿದ್ರಾ?"

"ಸಾರ್... ಅವ... ಅವನು ಮೂರು... ಕಾಲು..."

"ಏನ್ ಕುಡ್ಕೊಂಡು ಬಂದಿದೀರೇನ್ರೀ ಡ್ಯೂಟಿಗೆ? ಇವತ್ತೇ ರಿಪೋರ್ಟ್ ಬರೀತೀನಿ ನೋಡಿ. ಆತ ಇಳಿದಿದ್ದಾನೆ, ನನ್ನ ಜವಾಬ್ದಾರಿ. ಲೈನಲ್ಲೇ ಇರ್ತೀನಿ, ಹಾಕಿ!"

ಹೇಳಬೇಕಾದ್ದೆಲ್ಲ ಗಂಟಲಲ್ಲಿ ಒಂದರ ಮೇಲೊಂದು ಬಿದ್ದು ಸಿಕ್ಕಿಕೊಂಡಿತ್ತು. ಇನ್ನೊಂದು ತಪ್ಪು ಪದ ಬಂದರೆ ಎಲ್ಲ ಬಯಲಾಗುತ್ತದೆ. ಇಳಿದಿದ್ದಾನಂತೆ, ಇಂಜಿನಿಯರೇ ಹೇಳುತ್ತಿದ್ದಾರೆ.

"ಸರಿ ಸಾರ್," ಎಂದ.

ರಿಸೀವರನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಬೋರ್ಡನ್ನು ತನ್ನ ಕೈಯಾರೆ ತೆಗೆದು ಮೇಜಿನ ಮೇಲಿಟ್ಟು, ಹಿಡಿ ತಿರುಗಿಸಿದ.

ಕೆಂಪು ದೀಪ ಹತ್ತಿತು. ಮೀಟರಿನ ಮುಳ್ಳು ಒಮ್ಮೆಲೇ ತುದಿಗೆ ಹಾರಿತು. ಹೊರಗಿನ ಅಂಗಳದಲ್ಲಿ ಬ್ರೇಕರ್ ಢಬ್ ಎಂದು ಬಿದ್ದು ಕರೆಂಟು ತಾನಾಗಿಯೇ ಹೋಯಿತು. ಲೈನಿಗೆ ಮರ ಬಿದ್ದರೂ, ಹಕ್ಕಿ ಸಿಕ್ಕಿದರೂ ಹಾಗೇ ಆಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಆ ಸದ್ದನ್ನು ಅವನು ಸಾವಿರ ಸಲ ಕೇಳಿದ್ದ. ಈ ಸಲ ಕುರ್ಚಿಯ ಮೇಲೆ ಕೂತುಬಿಟ್ಟ.

"ಟ್ರಿಪ್ ಆಯ್ತಾ? ಇನ್ನೊಂದ್ಸಲ ಹಾಕಿ ನೋಡಿ," ಎಂದರು ಇಂಜಿನಿಯರ್.

ಅವನು ರಿಸೀವರನ್ನು ಮೇಜಿನ ಮೇಲಿಟ್ಟ. ಎರಡು ಕೈಗಳನ್ನೂ ಕಂಕುಳಲ್ಲಿ ಅಡಗಿಸಿಕೊಂಡು ಕೂತ. "ಹಲೋ, ಹಲೋ" ಎಂದು ಅದು ಬಹಳ ಹೊತ್ತು ಕೂಗಿತು. ಅವನು ಕದಲಲಿಲ್ಲ.

ಕೊಕ್ಕರೆ ಸೊಂಟದ ಪಟ್ಟಿಯಲ್ಲಿ ತಂತಿಗಳ ನಡುವೆ ನೇತಾಡುತ್ತಿದ್ದ. ಅವನನ್ನು ಇಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅವನಿಗೆ ಮೂವತ್ತನಾಲ್ಕು ವರ್ಷ.

ಹನ್ನೆರಡು ದಿನದ ನಂತರ ವಿಚಾರಣೆ ನಡೆಯಿತು. ಉದ್ದನೆಯ ಮೇಜು, ಮೇಲೆ ಹಸಿರು ಬಟ್ಟೆ. ವಿಚಾರಣಾಧಿಕಾರಿ ಮೆತ್ತನೆ ದನಿಯ ಮನುಷ್ಯ. ನೀರು ಕೊಡಿಸಿ, ನಿಧಾನವಾಗಿ ಹೇಳಿ ಎಂದರು. ಇಂಜಿನಿಯರ್ ಆಗಲೇ ತಮ್ಮ ಹೇಳಿಕೆ ಕೊಟ್ಟಾಗಿತ್ತು. ಲೈನ್‌ಮನ್ ವಾಪಸ್ ಕೊಟ್ಟಿದ್ದಾನೆಂದು ಆಪರೇಟರೇ ತಮಗೆ ಹೇಳಿದರು, ಅವನು ವಾಪಸ್ ಕೊಟ್ಟಮೇಲೆ ಮತ್ತೆ ಯಾಕೆ ಹತ್ತಿದನೋ ತಮಗೆ ತಿಳಿಯದು ಎಂದಿದ್ದರು. ತಪ್ಪಿ ಕರೆಂಟು ಬಂದರೆ ಅದನ್ನು ನೆಲಕ್ಕಿಳಿಸಲು ಕಂಬದ ಮೇಲೆ ತಂತಿಗಳಿಗೆ ಹಾಕಬೇಕಿದ್ದ ಅರ್ತಿಂಗ್ ಸರಪಳಿಯನ್ನೂ ಅವನು ಹಾಕಿರಲಿಲ್ಲ ಎಂದೂ ಸೇರಿಸಿದ್ದರು. ಆಫೀಸಿನಲ್ಲಿದ್ದದ್ದು ಒಂದೇ ಸರಪಳಿ, ಆ ದಿನ ಅದು ಬೇರೆ ತಂಡದ ಕೈಯಲ್ಲಿತ್ತು ಎಂಬುದನ್ನು ಹೇಳಿರಲಿಲ್ಲ.

"ಲೈನ್‌ಮನ್ ನಿಮಗೆ ಫೋನ್ ಮಾಡಿ ವಾಪಸ್ ಕೊಟ್ಟರಾ?" ಎಂದು ಅಧಿಕಾರಿ ಕೇಳಿದರು.

ಹಿಂದಿನ ದಿನವೆಲ್ಲ ಹೆಂಡತಿಯೆದುರು ಕೂತು ಅವನು ಒಂದೇ ಪದ ಅಭ್ಯಾಸ ಮಾಡಿದ್ದ. ಇಲ್ಲ. ಇಲ್ಲ. ಇಲ್ಲ. ಈಗ ಎಲ್ಲರ ಕಣ್ಣೂ ಅವನ ಬಾಯಿಯ ಮೇಲಿತ್ತು.

"ಎಲ್ಲ," ಎಂದ.

"ಎಲ್ಲ?"

ಅವನು ಗಾಬರಿಯಿಂದ ತಲೆಯಾಡಿಸಿದ. "ಎಲ್ಲ! ಎಲ್ಲ, ಎಲ್ಲ..."

"ಎಲ್ಲ ಹೇಳಿದ ಅಂತಿದಾರೆ ಸಾರ್," ಎಂದರು ಪಕ್ಕದಲ್ಲಿದ್ದ ಇಂಜಿನಿಯರ್, ಮೃದುವಾಗಿ. "ಪಾಪ, ಅವರಿಗೆ ಆರೋಗ್ಯ ಸರಿಯಿಲ್ಲ. ನನಗೂ ಮೊನ್ನೆಯಷ್ಟೇ ತಿಳೀತು. ಡಾಕ್ಟರ್ ಸರ್ಟಿಫಿಕೇಟ್ ತರಿಸಿದ್ದೀನಿ."

ಅಧಿಕಾರಿ ಸರ್ಟಿಫಿಕೇಟನ್ನು ಓದಿ ಕನ್ನಡಕ ತೆಗೆದರು. ಅವರ ಮುಖದಲ್ಲಿ ನಿಜವಾದ ಕನಿಕರವಿತ್ತು. "ತೊಂದರೆ ಕೊಡೋದು ಬೇಡ. ಇಷ್ಟು ಸಾಕಲ್ವಾ?"

ಆ ಕ್ಷಣದಲ್ಲಿ ಅವನು ಮೇಜು ಗುದ್ದಬಹುದಿತ್ತು, ನೀರಿನ ಲೋಟ ಎತ್ತಿ ಎಸೆಯಬಹುದಿತ್ತು. ಆದರೆ ಇದು ಇಲ್ಲಿಗೆ ಮುಗಿಯುತ್ತದೆ ಎಂದು ಕೇಳಿದೊಡನೆ ಅವನೊಳಗೆ ಏನೋ ಸಡಿಲವಾಯಿತು. "ಸರಿ ಸಾರ್" ಎಂದು ಬಾಯಿ ತಾನಾಗಿಯೇ ಹೇಳಿತು. ಟೈಪಾದ ಕಾಗದದ ಕೆಳಗೆ ಸಹಿ ಹಾಕಿದ. ಸಹಿ ಮಾತ್ರ ಮೊದಲಿನ ಹಾಗೇ ದುಂಡಗೆ ಬಂತು.

ವರದಿ ಬಂತು. ಮೃತ ನೌಕರನ ಅಜಾಗರೂಕತೆಯೇ ಅಪಘಾತಕ್ಕೆ ಕಾರಣ. ಆಪರೇಟರನ್ನು ಅನಾರೋಗ್ಯದ ಮೇಲೆ ಸ್ಟೋರಿಗೆ ವರ್ಗ ಮಾಡಿದೆ.

ವರದಿ ಬಂದ ವಾರಕ್ಕೆ ಕೊಕ್ಕರೆಯ ಹೆಂಡತಿ ಅವನ ಮನೆಗೆ ಬಂದಳು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣು. ಕೊರಳಲ್ಲಿ ಇನ್ನೂ ಅಂಗಡಿಯ ಅಳತೆ ಟೇಪು ಇತ್ತು. ಬಾಗಿಲಲ್ಲೇ ಆಪರೇಟರಿನ ಹೆಂಡತಿ, "ಅವರಿಗೆ ಹುಷಾರಿಲ್ಲಮ್ಮ, ಮಾತಾಡೋಕಾಗಲ್ಲ" ಎಂದು ಅಡ್ಡ ನಿಂತಳು.

"ಗೊತ್ತು ಅಕ್ಕ. ನಮ್ಮನೆಯವರು ಹೇಳಿದ್ರು. ನನಗೊಬ್ಬಳಿಗೇ ಹೇಳಿದ್ರು," ಎಂದಳು ಅವಳು. ಒಳಗೆ ಬಂದು ಕೂತು, ಸೆರಗಿನ ಗಂಟಿನಿಂದ ಗಂಡನ ಮೊಬೈಲು ತೆಗೆದು ಮೇಜಿನ ಮೇಲಿಟ್ಟಳು. ಮಂಗಳವಾರ ಹನ್ನೆರಡು ಹದಿನೇಳಕ್ಕೆ ಒಂದು, ಹನ್ನೆರಡು ಹತ್ತೊಂಬತ್ತಕ್ಕೆ ಇನ್ನೊಂದು ಫೋನು ಬಂದಿತ್ತು. ಎರಡನ್ನೂ ಯಾರೂ ಎತ್ತಿರಲಿಲ್ಲ. ಎರಡರ ಮುಂದೆಯೂ "ರೇಡಿಯೋ ಅಣ್ಣ" ಎಂದಿತ್ತು. ಹನ್ನೊಂದು ಹತ್ತರ ನಂತರ ಆ ಮೊಬೈಲಿನಿಂದ ಯಾರಿಗೂ ಫೋನ್ ಹೋಗಿರಲಿಲ್ಲ.

"ವಿಚಾರಣೆ ಮಾಡಿದ ಸಾಹೇಬ್ರಿಗೆ ತೋರಿಸ್ದೆ. ಬೇರೆಯವರ ಫೋನಿಂದ ಮಾಡಿರಬಹುದು ಅಂದ್ರು. ಅದಕ್ಕೆ ನಿಮ್ಮನ್ನೇ ಕೇಳೋಣ ಅಂತ ಬಂದೆ. ನೀವು ಮಾತಾಡೋದು ಬೇಡ, ತಟ್ಟಿ. ಹೌದಾದ್ರೆ ಒಂದು, ಅಲ್ಲ ಅಂದ್ರೆ ಎರಡು."

ಅವನ ಹೆಂಡತಿ ಒಲೆಯ ಹತ್ತಿರ ಹೋಗಿ ನಿಂತಳು.

"ನಮ್ಮನೆಯವರು ನಿಮಗೆ ವಾಪಸ್ ಕೊಟ್ಟಿದ್ರಾ?"

ಅವನು ಮೇಜನ್ನು ಎರಡು ಸಲ ತಟ್ಟಿದ.

ಅವಳು ಉಸಿರು ಬಿಟ್ಟಳು. "ನನಗೆ ಗೊತ್ತಿತ್ತು. ಮಗು ಕೂಡ ಕೇಳುತ್ತೆ, ಅಪ್ಪ ತಪ್ಪು ಮಾಡಿದ್ನಂತೆ ಹೌದಾ ಅಂತ." ಮತ್ತೆ ಕೇಳಿದಳು. "ಹಾಕು ಅಂತ ಹೇಳಿದ್ದು ಇಂಜಿನಿಯರಾ?"

ಒಂದು ಸಲ.

"ಅವರು ಮೇಲೆ ಇದ್ದಾರೆ ಅಂತ ನಿಮಗೆ ಗೊತ್ತಿತ್ತಾ?"

ಅವನ ಕೈ ಮೇಜಿನ ಮೇಲೆ ಹಾಗೇ ಇತ್ತು. ಇಳಿದಿದ್ದಾನೆ ಎಂದು ಇಂಜಿನಿಯರ್ ಹೇಳಿದ್ದನ್ನು, ಅದನ್ನು ತಾನು ನಂಬದೆಯೂ ನಂಬಿದ್ದನ್ನು ತಟ್ಟಿ ಹೇಳಲಾಗುವುದಿಲ್ಲ. ಅದಕ್ಕೆ ವಾಕ್ಯ ಬೇಕು. ಅವನ ಹೆಂಡತಿ ಅವನ ಬೆರಳನ್ನೇ ನೋಡುತ್ತಿದ್ದಳು.

ಅವನು ಒಂದು ಸಲ ತಟ್ಟಿದ. ಕಾದರು; ಎರಡನೆಯದು ಬರಲಿಲ್ಲ.

ಕೊಕ್ಕರೆಯ ಹೆಂಡತಿ ಅಳಲಿಲ್ಲ. ಮೊಬೈಲನ್ನು ಎತ್ತಿಕೊಂಡಳು. ಎದ್ದು ನಿಂತಮೇಲೆ ಹೇಳಿದಳು: "ನಿಮ್ಮ ಮರ್ಯಾದೆ ಹೋಗಬಾರದು ಅಂತ ಅವರು ನಾಲ್ಕು ತಿಂಗಳು ಊರಿಗೆಲ್ಲ ಸುಳ್ಳು ಹೇಳಿದ್ರು. ನಾಳೆ ಹತ್ತು ಗಂಟೆಗೆ ಆಫೀಸಿಗೆ ಬನ್ನಿ. ಅಲ್ಲೂ ಹೀಗೇ ತಟ್ಟಿ."

ಅವಳು ಹೋದಮೇಲೆ ಅವನ ಹೆಂಡತಿ ಬಾಗಿಲು ಹಾಕಿ ಬಂದಳು. ಆಮೇಲೆ, "ಹೋಗ್ಬೇಡಿ ಅನ್ನೋಕೆ ನನಗೆ ಬಾಯಿಲ್ಲ. ಹೋಗಿ ಅನ್ನೋಕೆ ಧೈರ್ಯ ಇಲ್ಲ," ಎಂದಳು.

ಅವನು ಹೋದ. ಒಂದು ಗಂಟೆ ಕಾದಮೇಲೆ ವಿಚಾರಣಾಧಿಕಾರಿ ಇಬ್ಬರನ್ನೂ ಒಳಗೆ ಕರೆದರು. ಕೊಕ್ಕರೆಯ ಹೆಂಡತಿ ಅವೇ ಪ್ರಶ್ನೆಗಳನ್ನು ಕೇಳಿದಳು. ಅವನು ಅಲ್ಲಿಯೂ ತಟ್ಟಿದ: ಎರಡು, ಒಂದು, ಒಂದು. ಅಧಿಕಾರಿ ಕೊನೆಯವರೆಗೂ ತಾಳ್ಮೆಯಿಂದ ನೋಡಿದರು.

"ನೋಡಮ್ಮ," ಎಂದರು. "ಮೇಜು ತಟ್ಟಿದ್ದನ್ನ ಹೇಳಿಕೆ ಅಂತ ಹೇಗೆ ಬರ್ಕೊಳ್ಳಲಿ? ಇವರು ಹೇಳೋದನ್ನ ನಂಬೋ ಹಾಗಿಲ್ಲ ಅಂತ ಡಾಕ್ಟರೇ ಬರೆದುಕೊಟ್ಟಿದಾರೆ. ಆವತ್ತು ಎಲ್ಲ ಅಂದ್ರು, ಇವತ್ತು ಇಲ್ಲ ಅಂತಾರೆ."

"ನಾ..." ಎಂದ ಅವನು. ಕುತ್ತಿಗೆಯ ನರ ಉಬ್ಬಿತು. "ನಾನು. ಹಾ... ಹಾಡು. ಹಾಡಿದೆ. ನಾನು ಹಾಡಿದೆ."

ಅಧಿಕಾರಿ ತಲೆ ತಗ್ಗಿಸಿದರು. ಬಾಗಿಲ ಬಳಿಯಿದ್ದ ಜವಾನ ನಗು ತಡೆದುಕೊಳ್ಳಲು ಆಚೆ ತಿರುಗಿದ. ಅವನು ಇನ್ನೂ ಜೋರಾಗಿ, "ಹಾಡಿದೆ!" ಎಂದ. ಆಮೇಲೆ ಬಾಯಿಂದ ಬಂದದ್ದು ಬೈಗುಳ, ಒಂದರ ಹಿಂದೊಂದು, ಒಂದಕ್ಷರವೂ ತಪ್ಪದೆ. ಜವಾನ ಬಂದು ತೋಳು ಹಿಡಿದು ಹೊರಗೆ ಕರೆದೊಯ್ದ.

ಮೆಟ್ಟಿಲ ಹತ್ತಿರ ಕೊಕ್ಕರೆಯ ಹೆಂಡತಿ ಒಂದು ಕ್ಷಣ ನಿಂತಳು. "ನೀವು ಬಂದ್ರಿ. ಅಷ್ಟಾದ್ರೂ ಮಾಡಿದ್ರಿ," ಎಂದಳು. "ಇನ್ನು ನಮ್ಮ ಕಣ್ಣಿಗೆ ಬೀಳಬೇಡಿ." ಬಸ್ಸು ಬಂದಿತ್ತು. ತಿರುಗಿ ನೋಡದೆ ಹತ್ತಿದಳು.

ಡಾಕ್ಟರು ಹೇಳಿದಂತೆ ವರ್ಷ ಹಿಡಿಯಿತು. ಸ್ಟೋರಿನಲ್ಲಿ ಅವನು ತಂತಿಯ ಸುರುಳಿ, ಬೋಲ್ಟು, ಪಿಂಗಾಣಿಗಳ ಹೆಸರನ್ನು ದಿನವೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮೊದಲು ವಸ್ತುಗಳ ಹೆಸರು ಬಂದವು, ಆಮೇಲೆ ಮಾಡುವ ಕೆಲಸಗಳದು, ಕೊನೆಗೆ ಒಂದಕ್ಕೊಂದು ಅಂಟಿಕೊಂಡು ಪೂರಾ ಮಾತು. ಮಾತು ಕಲಿಸುವ ಹುಡುಗಿ ಖುಷಿಪಟ್ಟಳು. ಆ ಹೊತ್ತಿಗೆ ಇಂಜಿನಿಯರ್ ಬಡ್ತಿ ಪಡೆದು ಬೇರೆ ಊರಿಗೆ ಹೋಗಿದ್ದರು, ವಿಚಾರಣಾಧಿಕಾರಿ ನಿವೃತ್ತರಾಗಿದ್ದರು. ಕೊಕ್ಕರೆಯ ಹೆಂಡತಿ ಮಗುವನ್ನು ಕರೆದುಕೊಂಡು ತನ್ನ ಅಣ್ಣನ ಮನೆಗೆ ಹೋದಳಂತೆ; ಆ ಅಣ್ಣನ ಊರು ಯಾವುದೆಂದು ಬಟ್ಟೆ ಅಂಗಡಿಯವರಿಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಹೆಂಡತಿ ತರಕಾರಿ ಹೆಚ್ಚುತ್ತ ಕೂತಿದ್ದಾಗ, ಅವನು ಎದುರಿಗೆ ಬಂದು ಕೂತು ಆ ಮಂಗಳವಾರದ್ದನ್ನು ಮೊದಲಿನಿಂದ ಹೇಳಿದ. ಕೊಕ್ಕರೆಯ ಫೋನು, ಬೋರ್ಡು, ಇಂಜಿನಿಯರ್ ಬೈದದ್ದು, ತನಗೆ ಮಾತು ಸಿಕ್ಕದೇ ಹೋದದ್ದು, ಹಿಡಿ ತಿರುಗಿಸಿದ್ದು. ಎಲ್ಲಿಯೂ ತಡವರಿಸಲಿಲ್ಲ. ಹೆಂಡತಿ ಚಾಕು ಕೆಳಗಿಟ್ಟು ಕೇಳಿದಳು.

"ಪಾಪ, ನೀವಾದ್ರೂ ಏನ್ ಮಾಡ್ತಿದ್ರಿ," ಎಂದಳು ಕೊನೆಗೆ. "ಮಾತೇ ಬರ್ತಿರಲಿಲ್ವಲ್ಲ."

"ಇನ್ನೊಂದಿದೆ ಕೇಳು," ಎಂದ ಅವನು. "ಎರಡನೇ ಸಲ ಹಾಕು ಅಂದ್ರು. ನಾನು ಹಾಕ್ಲಿಲ್ಲ. ಏನೂ ಹೇಳ್ಲಿಲ್ಲ, ಸುಮ್ನೆ ಕೈ ಹಿಂದಕ್ಕೆ ತಗೊಂಡು ಕೂತ್ಕೊಂಡೆ. ಯಾರೂ ಬಂದು ನನ್ನನ್ನೇನೂ ಮಾಡ್ಲಿಲ್ಲ. ಮೊದಲನೇ ಸಲವೂ ಅಷ್ಟೇ ಮಾಡ್ಬಹುದಿತ್ತು. ಅದಕ್ಕೆ ಮಾತು ಬೇಕಿರಲಿಲ್ಲ ಕಣೇ."

ಹೆಂಡತಿ ಅವನ ಮುಖವನ್ನು ನೋಡಿದಳು. ಚಾಕು ಎತ್ತಿಕೊಂಡು ಉಳಿದ ತರಕಾರಿ ಹೆಚ್ಚತೊಡಗಿದಳು. ಅವನು ಹೆಚ್ಚಿದ್ದನ್ನು ಬಾಚಿ ಪಾತ್ರೆಗೆ ಹಾಕಿ, ನೀರು ತರಲು ಎದ್ದ.